ಮೂರನೆಯ ಸಲದ ಅಗೆ

ಕಿರಿಮಂಜೇಶ್ವರದ ಪೂರ್ವಕ್ಕೆ, ಹೊಳೆಯ ದಂಡೆಗೆ ತಾಗಿದ ಗದ್ದೆಯಲ್ಲಿ ಬಾಗಿ ಎಂಬಾಕೆ ಮೂವತ್ತೆರಡು ಮಳೆಗಾಲ ಭತ್ತ ನೆಟ್ಟಿದ್ದಳು. ಅಲ್ಲಿ ಬೇರೇನೂ ಬೆಳೆಯುವುದಿಲ್ಲ. ಮಳೆಯ ಸಿಹಿನೀರು ಹೊಳೆ ತುಂಬಿ ಸಮುದ್ರವನ್ನು ಆಚೆ ತಳ್ಳುವಷ್ಟು ದಿನ ಅದು ಗದ್ದೆ. ಮಳೆ ಹೋದ ಮೇಲೆ ಉಪ್ಪುನೀರಿನ ನೆಲ. ಆ ನಾಲ್ಕು ತಿಂಗಳಲ್ಲಿ ಬೆಳೆದದ್ದನ್ನೇ ಅವಳು ಮತ್ತು ಗಂಡ ಮಂಜ ವರ್ಷವಿಡೀ ಉಣ್ಣುತ್ತಿದ್ದರು.

ಆ ವರ್ಷ ಮಳೆ ಜೂನ್ ಮೂರನೇ ವಾರಕ್ಕೆ ಬಂತು. ಬಂದದ್ದು ನಿಲ್ಲಲಿಲ್ಲ. ಬಿತ್ತಿದ ಒಂಬತ್ತನೇ ದಿನ ಹೊಳೆ ಉಕ್ಕಿತು. ಬೆರಳುದ್ದದ ಅಗೆ, ಕಿತ್ತು ನೆಡಬೇಕಾಗಿದ್ದ ಸಸಿ, ಕೆಸರುನೀರಿನಡಿ ಕೊಳೆಯಿತು. ನೀರಿಳಿದ ಮೇಲೆ ಮತ್ತೆ ಬಿತ್ತಿದಳು. ಜುಲೈ ನಡುವಿನ ನೆರೆ ಅದನ್ನೂ ಒಯ್ದಿತು. ಬೀಜಕ್ಕೆಂದು ಬೈಂದೂರಿಗೆ ಹೋದರೆ ದಾಸ್ತಾನು ಮುಗಿದಿತ್ತು. ಶಿರೂರಿನ ತನಕ ಅಲೆದ ಮಂಜ ಖಾಲಿ ಚೀಲ ಮಡಚಿಕೊಂಡು ಬಂದ.

ಮನೆಯಲ್ಲಿ ಉಳಿದಿದ್ದುದು ಒಂದೇ ಮೂಟೆ ಭತ್ತ. ಮಗಳು ಪೂಜಿತಾ ಹೆರಿಗೆಗೆ ಬಂದಿದ್ದಳು. ಬಾಣಂತಿಗೆ ಮನೆಯ ಕುಚ್ಚಲಕ್ಕಿಯನ್ನೇ ಉಣ್ಣಿಸಬೇಕೆಂದು ತೆಗೆದಿಟ್ಟದ್ದು, ಇನ್ನೂ ಬೇಯಿಸಿರಲಿಲ್ಲ; ಬಿತ್ತಿದರೆ ಮೊಳೆಯುತ್ತಿತ್ತು. ಬಾಗಿ ಮೂಟೆಯ ಬಾಯಿ ಬಿಚ್ಚುವಾಗ ಮಂಜ ಕೈ ಹಿಡಿದ.

“ಎಂತ ಮಾಡ್ತೆ ಹೆಣೆ? ಇದನ್ನೂ ಬಿತ್ರೆ ಮಗಳಿಗೆ ಉಂಬುಕ್ ಎಂತ ಹಾಕ್ತೆ?”

“ಬಿತ್ತದೆ ಇದ್ರೆ ಬಪ್ಪೊರ್ಷ ಎಲ್ಲರೂ ಎಂತ ಉಂಬ್ದ್? ಹ್ವಾಯ್, ಕೈ ಬಿಡಿ.”

ಒಳಗೆ ಮಲಗಿದ್ದ ಪೂಜಿತಾ ಅಲ್ಲಿಂದಲೇ ಹೇಳಿದಳು: “ಬಿತ್ತ್ ಅಮ್ಮ. ನಂಗೆ ರೇಷನ್ ಅಕ್ಕಿ ಆದ್ರೂ ಅಡ್ಡಿಲ್ಲೆ.”

ಮಗಳು ಬೈದಿದ್ದರೆ ಬಾಗಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಆದರೂ ಬಿತ್ತಿದಳು. ಈ ಸಲ ಗದ್ದೆಯನ್ನು ನಂಬದೆ ಮನೆಯಂಗಳದಲ್ಲೇ ಮಣ್ಣು ಹರಡಿ, ಜೋರು ಮಳೆಗೆ ಟಾರ್ಪಾಲು ಹಿಡಿದು ನಿಂತು ಅಗೆ ಎಬ್ಬಿಸಿದಳು. ಆಗಸ್ಟ್ ನಡುವೆ ನೆಟ್ಟಳು. ಅದೇ ವಾರ ಪೂಜಿತಾಳಿಗೆ ಹೆಣ್ಣುಮಗು ಹುಟ್ಟಿತು. ಬಾಗಿ ರೇಷನ್ನಿನ ಬಿಳಿ ಬೆಳ್ತಿಗೆ ಅಕ್ಕಿಯ ಗಂಜಿ ಕೊಡುವಾಗ ಮಗಳ ಮುಖ ನೋಡುತ್ತಿರಲಿಲ್ಲ.

ಪೈರು ಚೆನ್ನಾಗಿಯೇ ಎದ್ದಿತು. ಆದರೆ ಚೌತಿ ಕಳೆದದ್ದೇ ಮಳೆ ಕಡಿದು ಹೋಯಿತು. ಹೊಳೆ ಬಡವಾಯಿತು, ಸಮುದ್ರದ ನೀರು ಮೇಲೇರತೊಡಗಿತು. ಅಕ್ಟೋಬರಿನ ಹುಣ್ಣಿಮೆಯ ಮಧ್ಯಾಹ್ನ, ತೆನೆ ಹೊರಡುವ ಹೊತ್ತಿನಲ್ಲಿ, ಪಕ್ಕದ ಮನೆಯ ಪದ್ದು ಓಡಿ ಬಂದಳು.

“ಬಾಗಕ್ಕಾ, ದಂಡೆ ಹೋಯ್ತೇ!”

ನೆರೆಗೆ ಸಡಿಲಾಗಿದ್ದ ಮಣ್ಣಿನ ದಂಡೆ ಭರತದ, ಸಮುದ್ರ ಉಬ್ಬಿದ ಹೊತ್ತಿನ, ನೀರಿಗೆ ಎರಡಾಳು ಅಗಲ ಬಾಯಿ ಬಿಟ್ಟಿತ್ತು. ಬಾಗಿ ಒಡೆದ ಜಾಗದಲ್ಲಿ ಇಳಿದು ನೀರಿಗೆ ಬೆನ್ನು ಕೊಟ್ಟು ಕೂತಳು. ಪದ್ದು ತೆಂಗಿನ ಮಡಲು ತಂದು ಅವಳ ಎರಡೂ ಬದಿಗೆ ತುರುಕಿದಳು, ಮಂಜ ಬುಟ್ಟಿ ಬುಟ್ಟಿ ಮಣ್ಣು ಸುರಿದ. ನೀರಿನ ಸೆಳೆತಕ್ಕೆ ಎರಡು ಸಲ ಬಾಗಿ ಜಾರಿಬಿದ್ದಳು, ಎರಡು ಸಲವೂ ಎದ್ದು ಅಲ್ಲೇ ಕೂತಳು. ದಂಡೆಯ ಬಾಯಿ ಮುಚ್ಚುವಷ್ಟರಲ್ಲಿ ಗದ್ದೆಯಲ್ಲಿ ಮೊಣಕಾಲಿನವರೆಗೆ ನೀರು ನಿಂತಿತ್ತು. ಬಾಗಿ ಬೆರಳು ಅದ್ದಿ ನಾಲಗೆಗಿಟ್ಟಳು. ಬರೀ ಉಪ್ಪು.

ಮಂಜ ಆಕಾಶ ನೋಡಿ, “ಒಂದ್ ಮಳಿ ಬಂದ್ರೆ ಸಾಕಿತ್ತ್, ತೊಳ್ಕಂಡ್ ಹೋತಿತ್ತ್” ಎಂದ.

“ಬತ್ತಿಲ್ಲೆ,” ಎಂದಳು ಬಾಗಿ. ಜುಲೈಯಲ್ಲಿ ಮಳೆಗೆ ಶಾಪ ಹಾಕಿದ ಬಾಯಿಂದಲೇ ಹತ್ತು ದಿನ ಮಳೆ ಬೇಡಿಕೊಂಡಳು. ಬರಲಿಲ್ಲ.

ತೆನೆಗಳು ಬಿಳಿಚಿ ನೆಟ್ಟಗೆ ನಿಂತುಬಿಟ್ಟವು. ಕಾಳು ತುಂಬಿದ್ದರೆ ಬಾಗುತ್ತಿದ್ದವು. ಹೆಚ್ಚಿನದನ್ನು ದನಕ್ಕೆಂದು ಕೊಯ್ದರು. ಎತ್ತರದ ಅಂಚಿನಿಂದ ಅರ್ಧ ಮೂಟೆ ಸಿಕ್ಕಿತು. ಅದನ್ನಾದರೂ ಬೀಜಕ್ಕಿಡೋಣವೆಂದು ಬಾಗಿ ಒಂದು ಹಿಡಿ ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟಳು. ಐದನೇ ದಿನ ಬಿಚ್ಚಿದರೆ ಅಲ್ಲೊಂದು ಇಲ್ಲೊಂದು ಮಾತ್ರ ಮೊಳೆತಿತ್ತು.

ಜನವರಿಯಿಂದ ಅವಳು ಏಳು ಗಂಟೆಯ ಬಸ್ಸು ಹತ್ತಿ ತೆಕ್ಕಟ್ಟೆ ಕಡೆಯ ಅಕ್ಕಿ ಮಿಲ್ಲಿಗೆ ಹೋಗುತ್ತಾಳೆ. ಘಟ್ಟದ ಮೇಲಿಂದ ಲಾರಿಯಲ್ಲಿ ಬಂದ ಭತ್ತ ಬೆಂದು ಹೊರಬೀಳುತ್ತದೆ. ಅದನ್ನು ಕಾಲಿನಿಂದ ಕೆದರುತ್ತಾ ಬಿಸಿಲಿಗೆ ಒಣಗಿಸುವುದು ಅವಳ ಕೆಲಸ. ಈ ಜೂನಿನಲ್ಲಿ ಬಿತ್ತುತ್ತೀಯಾ ಎಂದು ಪದ್ದು ಕೇಳಿದರೆ, ಗೊತ್ತಿಲ್ಲೆ ಎನ್ನುತ್ತಾಳೆ.