ಬೆಲ್ಲ ಸಾಲದ ತುಲಾಭಾರ

ನನ್ನ ಮಗಳು ಹುಟ್ಟಿದಾಗ ಎರಡು ಕೆಜಿಯೂ ಇರಲಿಲ್ಲ. ನೋಡಲು ಬಂದ ಕಡೂರಿನ ಓರಗಿತ್ತಿ ಮಗುವನ್ನು ಎತ್ತಿಕೊಳ್ಳಲೂ ಇಲ್ಲ. ಒಳ್ಳೆ ಬೆಕ್ಕಿನಮರಿ ಹಂಗೈತೆ ಎಂದು ನಕ್ಕು ಹೋದಳು. ಅಂದೇ ಹರಕೆ ಹೊತ್ತೆ: ಮಗಳಿಗೆ ಐದು ತುಂಬಿದಾಗ ಮಠದಲ್ಲಿ ಬೆಲ್ಲದ ತುಲಾಭಾರ.

ಹರಕೆ ದೇವರಿಗೆ, ಹಟ ಓರಗಿತ್ತಿಯ ಮೇಲೆ. ಮುದ್ದೆಗೆ ತುಪ್ಪ, ಅನ್ನಕ್ಕೆ ತುಪ್ಪ, ಹಾಲಿಗೂ ಒಂದು ಚಮಚ ತುಪ್ಪ. ಮಗು ಬಾಯಿ ಮುಚ್ಚಿದರೆ ಮೂಗು ಹಿಡಿದು ಬಾಯಿ ಬಿಡಿಸುತ್ತಿದ್ದೆ. ತುಲಾಭಾರದ ದಿನ ತಂದ ಬೆಲ್ಲ ಸಾಲದೆ, ನನ್ನ ಗಂಡ ಅಜ್ಜಂಪುರದ ಪೇಟೆಗೆ ಓಡಿ ಮತ್ತಷ್ಟು ಅಚ್ಚು ತರಬೇಕಾಯಿತು. ಅಲ್ಲಿಯವರೆಗೂ ಮಗಳು ತಕ್ಕಡಿಯಲ್ಲೇ ಕೂತಿದ್ದಳು. ಓರಗಿತ್ತಿಯ ಮುಖ ನೋಡುತ್ತಾ ನಾನು ಬೀಗಿದ್ದೇ ಬೀಗಿದ್ದು. ಈಗ ನೆನೆದರೆ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ.

ಹದಿಮೂರನೇ ವಯಸ್ಸಿಗೆ ಶಾಲೆಯ ತಪಾಸಣೆಯಲ್ಲಿ ಬಿಪಿ ಜಾಸ್ತಿ ಎಂದರು. ತರೀಕೆರೆಯ ಡಾಕ್ಟರು ಬಿಪಿ ನೋಡಲು ಅವಳ ತೋಳಿಗೆ ಸುತ್ತಿದ್ದು ದೊಡ್ಡವರ ಪಟ್ಟಿ; ಮಕ್ಕಳದ್ದು ಸಾಲಲಿಲ್ಲ. ಸಣ್ಣಗೆ ಹುಟ್ಟಿದ ಮಗು ಆಮೇಲೆ ಒಂದೇ ಸಮನೆ ದಪ್ಪಗಾದರೆ ರಕ್ತನಾಳಗಳು ಎಳವೆಯಲ್ಲೇ ಗಡುಸಾಗಬಹುದು, ಈಗಲೇ ತೂಕ ಹತೋಟಿಗೆ ಬಂದರೆ ಸುಧಾರಿಸಬಹುದು ಎಂದು ವಿವರಿಸಿದರು. ಏನೇನು ತಿಂತೀಯಮ್ಮ ಎಂದು ಮಗಳನ್ನೇ ಕೇಳಿದರು. ಅವಳು ಬಾಯಿ ತೆರೆಯುವ ಮುಂಚೆ ನಾನು, ಹೇಳಿದ ಮಾತು ಕೇಳಲ್ಲ, ಬೇಕರಿ ತಿಂಡಿ ಕದ್ದು ತಿಂತಾಳೆ ಎಂದುಬಿಟ್ಟೆ. ಹಸಿ ಸುಳ್ಳು. ಮಗಳು ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು.

ಆಮೇಲಾದರೂ ಬುದ್ಧಿ ಬಂತೇ? ಚಮಚ ಚಿಕ್ಕದಾಯಿತು, ಅಷ್ಟೆ. ಅವಳು ತಟ್ಟೆ ಸರಿಸಿದರೆ ನನ್ನ ಜೀವ ತಡೆಯುತ್ತಿರಲಿಲ್ಲ.

ಮುಂದಿನ ತಿಂಗಳು ಹೋದಾಗ ಬಿಪಿ ಹಾಗೇ ಇತ್ತು. ಬೇಕರಿ ತಿಂಡಿ ಬಿಟ್ಟೆಯಾ ಎಂದು ಡಾಕ್ಟರು ಕೇಳಿದರು.

"ಬಿಟ್ಟೀನಿ ಸಾರ್. ಈಗ ಕದ್ದು ತಿನ್ನಲ್ಲ," ಎಂದಳು ಮಗಳು.

ನನ್ನ ಮಾನ ಉಳಿಸಲು ಅವಳು ಕಳ್ಳಿಯಾಗಿದ್ದಳು. ಅದನ್ನೇ ನಂಬಿದ ಡಾಕ್ಟರು, ತಿಂಡಿ ಬಿಟ್ಟರೂ ಇಳಿಯದಿದ್ದರೆ ಮಾತ್ರೆ ಶುರು ಮಾಡಬೇಕಾಗುತ್ತದೆ ಎಂದು ಚೀಟಿ ಎಳೆದುಕೊಂಡರು. ಭೂಮಿ ಬಾಯ್ಬಿಡಬಾರದೇ ಅನಿಸಿತು.

"ಅವಳು ಕದ್ದು ತಿಂದೋಳೇ ಅಲ್ಲ ಸಾರ್. ಬ್ಯಾಡ ಅಂದ್ರೂ ತುಪ್ಪ ಸುರಿಯೋಳು ನಾನು. ಇವತ್ತು ಬೆಳಿಗ್ಗೆನೂ ಹಾಕೀನಿ," ಎಂದೆ.

ಅವರು ಪೆನ್ನು ಕೆಳಗಿಟ್ಟು ನನ್ನತ್ತ ತಿರುಗಿದರು. ಅಷ್ಟರಲ್ಲಿ ಮಗಳು, "ನಮ್ಮಮ್ಮಂಗೆ ಬೈಬ್ಯಾಡಿ ಸಾರ್," ಎಂದಳು.

ಅವರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.