ಫ್ರೆಂಚರ ರೇಸಿನ್

ಅಣ್ಣನ ದ್ರಾಕ್ಷಿ ತೋಟ ನಮ್ಮ ಅಥಣಿ ತಾಲೂಕಿನ ಅನಂತಪುರದ ಹತ್ತಿರ. ನಾನು ಅಥಣಿಯಲ್ಲಿ ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕಿ. ಬೆಳಗಾವಿಯಲ್ಲಿ ಎಂ.ಎ. ಓದುವಾಗ ಹಟ ಹಿಡಿದು ಫ್ರೆಂಚ್ ಕಲಿತಿದ್ದೆ. ಆಮೇಲೆ ನಿಘಂಟುಗಳನ್ನು ಮುಂದಿಟ್ಟುಕೊಂಡು ಜರ್ಮನ್, ಸ್ಪ್ಯಾನಿಷ್ ಕೂಡ ಅಷ್ಟಿಷ್ಟು. ಮನೆಯವರಿಗೆ ಅದೊಂದು ನಗೆಯ ವಿಷಯ. “ಚಿಕ್ಕೋಡಿ ಬಸ್ಸಿನ್ಯಾಗ ಫ್ರೆಂಚ್ ಮಾತಾಡ್ತಿಯೇನ?” ಎಂದು ಅಣ್ಣ ಬಂದವರೆದುರು ಕೇಳುತ್ತಿದ್ದ.

ಒಂದು ಸಂಕ್ರಾಂತಿ ಮುಗಿದ ಮೇಲೆ ಅವನು ನನ್ನನ್ನು ತೋಟದ ಮನೆಗೆ ಕರೆಸಿದ. ಫ್ರಾನ್ಸಿನ ವ್ಯಾಪಾರಿಯೊಬ್ಬನ ಪತ್ರ ದಲ್ಲಾಳಿಯ ಕೈಗೆ ಬಂದಿತ್ತು. ಇಡೀ ಪತ್ರದಲ್ಲಿ ದಲ್ಲಾಳಿಗೆ ತಿಳಿದದ್ದು ಒಂದೇ ಶಬ್ದ.

“ರೇಸಿನ್ ಅಂದ್ರ ಮಣೂಕರಿ, ಒಣ ದ್ರಾಕ್ಷಿ. ಮೊಬೈಲಿನ್ಯಾಗ ಹಾಕಿದ್ರೂ ಅದ ಬಂತು, ನೋಡ್ರಿ.”

ನಾನು ಪತ್ರ ಓದಿದೆ. ಬೀಜವಿಲ್ಲದ ಬಿಳಿ ಹಣ್ಣು, ಗೊಂಚಲಿನ ತೂಕ, ಹಣ್ಣು ಕೆಡದಂತೆ ಸಾಗಿಸುವ ಶೀತಲ ಗಾಡಿ, ಎಲ್ಲ ಸ್ಪಷ್ಟವಾಗಿತ್ತು.

“ಅಣ್ಣಾ, ಇವರು ಮಣೂಕ ಕೇಳಿಲ್ಲ. ಹಸಿ ದ್ರಾಕ್ಷಿ ಕೇಳ್ಯಾರ.”

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಫ್ರೆಂಚಿನಲ್ಲಿ ರೇಸಿನ್ ಎಂದರೆ ಬಳ್ಳಿಯಲ್ಲಿರುವ ಹಣ್ಣೇ, ಅದು ಪುಲ್ಲಿಂಗ. ಒಣಗಿದ್ದು ಬೇಕಾದರೆ ಅವರು ಅದರ ನಂತರ ‘ಸೆಕ್’ ಎಂಬ ವಿಶೇಷಣ ಹಚ್ಚುತ್ತಾರೆ. ಇಂಗ್ಲಿಷರು ಆ ಶಬ್ದವನ್ನು ಒಯ್ದು ಒಣಗಿದ ಹಣ್ಣಿಗಷ್ಟೇ ಇಟ್ಟುಕೊಂಡರು. ಹಸಿ ಹಣ್ಣಿಗೆ, ಫ್ರೆಂಚರು ಗೊಂಚಲಿಗೆ ಹೇಳುವ ‘ಗ್ರಾಪ್’ ಎಂಬ ಸ್ತ್ರೀಲಿಂಗದ ಶಬ್ದದಿಂದ ಗ್ರೇಪ್ ಮಾಡಿಕೊಂಡರು. ಜರ್ಮನ್ನರ ‘ರೋಸಿನೆ’ ಒಣಗಿದ್ದೇ, ಆದರೆ ಸ್ತ್ರೀಲಿಂಗ. ಸ್ಪ್ಯಾನಿಷಿನ ‘ರಾಸಿಮೊ’ ಇಡೀ ಗೊಂಚಲು, ಅದು ಪುಲ್ಲಿಂಗ. ರೇಸಿನ್, ರೋಸಿನೆ, ರಾಸಿಮೊ ಮೂರರ ಮೂಲವೂ ಗೊಂಚಲು ಎಂಬರ್ಥದ ಒಂದು ಲ್ಯಾಟಿನ್ ಶಬ್ದ. ಹೇಳುತ್ತ ಹೇಳುತ್ತ ನನಗೆ ಉಮೇದು ಬಂದಿತ್ತು. ಇಷ್ಟು ವರ್ಷಗಳ ಮೇಲೆ ಮನೆಯಲ್ಲಿ ನನ್ನ ಓದಿಗೆ ಒಂದು ಕೆಲಸ ಸಿಕ್ಕಿತ್ತು.

ಅಣ್ಣ ದಲ್ಲಾಳಿಯ ಮುಖ ನೋಡಿದ. ಇಬ್ಬರೂ ನಕ್ಕರು.

“ಶಬ್ದ ಹೆಣ್ಣಿದ್ರೇನು, ಗಂಡಿದ್ರೇನು? ನೀ ನಿನ್ನ ಸಾಲಿ ನೋಡ್ಕೋ, ತಂಗಿ. ವ್ಯಾಪಾರ ನಮಗ ಬಿಡು.”

ಅಣ್ಣನ ಹೆಂಡತಿ, ನಮ್ಮ ವೈನಿ, ಚಹಾದ ತಾಟು ಹಿಡಿದು ಅಲ್ಲೇ ನಿಂತಿದ್ದರು.

ಹಣ್ಣು ಪಕ್ವವಾದಾಗ ಒಂದು ಗೊಂಚಲೂ ಬಿಡದೆ ಕೊಯ್ದು, ಎಣ್ಣೆ ಬೆರೆಸಿದ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಒಣಹಾಕಿದರು. ವ್ಯಾಪಾರಿಯ ಕಡೆಯವನು ಮುಂಬೈಯಿಂದ ಬಂದಾಗ ಬಳ್ಳಿಗಳಲ್ಲಿ ಎಲೆ ಮಾತ್ರ ಉಳಿದಿತ್ತು. “ಅಂಗೂರ್ ಕಹಾಂ ಹೈ?” ಎಂದು ಅವನು ಎರಡು ಸಲ ಕೇಳಿದನಂತೆ. ಶೆಡ್ಡಿಗೆ ಕರೆದೊಯ್ದರೆ ನಾಲ್ಕು ಮಣೂಕ ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ಎಂದು ಹೇಳಿ, ಕಾರು ಹತ್ತಿದನಂತೆ.

ಆ ಬೇಸಿಗೆಯಲ್ಲಿ ರಾಯಬಾಗದಲ್ಲಿ ಸಂಬಂಧಿಕರ ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ತೋಟದ ಸುದ್ದಿ ತೆಗೆದರು.

“ನಮ್ಮ ತಂಗಿ ಪತ್ರ ಓದಿ ಮಣೂಕ ಅಂದ್ಲು,” ಎಂದ ಅಣ್ಣ. “ಎಂ.ಎ. ಮಾಡ್ಯಾಳ ಅಂತ ನಂಬಿದ್ನಿ.”

“ಅಣ್ಣಾ, ನಾ ಹಸಿ ದ್ರಾಕ್ಷಿ ಅಂದಿದ್ನಿ. ಬರದೂ ತೋರ್ಸಿದ್ನಿ. ವೈನಿ, ನೀವರೆ ಹೇಳ್ರಿ.”

ವೈನಿ ಎಲೆಯ ಮೇಲಿನ ಅನ್ನ ಕಲಸುತ್ತ, “ನಾ ಒಳಗ ಇದ್ನಿರಿ. ನನಗೇನೂ ಕೇಳ್ಸಿಲ್ಲ,” ಎಂದರು.

ಪಂಕ್ತಿಯಲ್ಲಿ ನಗು ಎದ್ದಿತು. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ. ಅಂದಿನಿಂದ ನಿಪ್ಪಾಣಿಯಲ್ಲಾಗಲಿ ಕಾಗವಾಡದಲ್ಲಾಗಲಿ, ನೆಂಟರ ಮನೆಗೆ ಹೋದರೆ ಯಾರಾದರೊಬ್ಬರು, “ಮಣೂಕಕ್ಕ ಫ್ರೆಂಚಿನ್ಯಾಗ ಏನಂತಾರ್ರಿ, ಟೀಚರ?” ಎಂದು ಕೇಳದೆ ಬಿಡುವುದಿಲ್ಲ. ಮೊದಮೊದಲು ನಿಜ ಹೇಳಲು ಹೋಗುತ್ತಿದ್ದೆ. ನಾನು ಬಿಡಿಸಿ ಹೇಳಿದಷ್ಟೂ ಅವರಿಗೆ ನಗು ಹೆಚ್ಚುತ್ತಿತ್ತು. ಕೊನೆಗೆ ಅಂಥ ಮನೆಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಶ್ರಾವಣದಲ್ಲಿ ವೈನಿ ಒಬ್ಬರೇ ನನ್ನ ಮನೆಗೆ ಬಂದರು. ಚಹಾದ ಕಪ್ಪು ಕೈಗೆ ಕೊಟ್ಟಾಗ, “ಅವತ್ತ ನೀವು ಹೇಳಿದ್ದ ಎಲ್ಲಾ ಕೇಳ್ಸಿತ್ರಿ. ಅಷ್ಟು ಮಂದ್ಯಾಗ ಅವರ ಮಾತು ಹೆಂಗ ಸುಳ್ಳು ಮಾಡ್ಲಿ?” ಎಂದರು. ಕಣ್ಣುಗಳು ಒದ್ದೆಯಾಗಿದ್ದವು.

ನನಗೆ ಕನಿಕರ ಬರಲಿಲ್ಲ.

“ನನ್ನ ಮುಂದ ಹೇಳಿ ಏನ್ ಮಾಡೂದ್ರಿ, ವೈನಿ? ಅದು ನನಗ ಮೊದಲ ಗೊತ್ತಿತ್ತಲ್ಲ.”

ಅವರು ಚಹಾ ಮುಗಿಸಿ, ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.