ಜೋಡಿಗೆ ಸೇರಿದ ಮೇಕೆ

ರಾಮನಗರದ ಹೆದ್ದಾರಿ ಬದಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲದಲ್ಲಿ ನನಗೆ ಕೆಲಸ ಕಲಿಸಿದ ಸೂಪರ್‌ವೈಸರ್ ಕುದೂರು ಕಡೆಯವರು, ಕುರಿ ಸಾಕುವ ಮನೆಯವರು. ಮಾತಾಡುವಾಗ ಎರಡು ಬೆರಳು ಚಾಚಿ ಗಾಳಿಯಲ್ಲೇ ಏನನ್ನೋ ಜೋಡಿ ಜೋಡಿಯಾಗಿ ಎಣಿಸುತ್ತಿದ್ದರು.

ಕಂಪ್ಯೂಟರಿನಿಂದ ಡ್ರಿಲ್ಲಿಂಗ್ ಮೆಷಿನ್ನಿಗೆ ತಂತಿಯಲ್ಲಿ ಹೋಗುವ ಸೊನ್ನೆ, ಒಂದುಗಳ ಜೊತೆ ಪ್ಯಾರಿಟಿ ಬಿಟ್ ಎಂಬ ಇನ್ನೊಂದು ಅಂಕಿಯನ್ನು ಯಾಕೆ ಸೇರಿಸುತ್ತಾರೆಂಬುದು ನನ್ನ ತಲೆಗೆ ಹತ್ತಿರಲಿಲ್ಲ.

"ನಮ್ಮಪ್ಪ ಕುರಿಗಳ್ನ ಜೋಡಿ ಜೋಡಿಯಾಗಿ ದೊಡ್ಡಿಗೆ ಬುಡೋರು ಕಣಮ್ಮಾ," ಎಂದರು. "ಬೆಳಗ್ಗೆ ಮಂದೆ ಬೆಸ ಇದ್ರೆ ಒಂದು ಮೇಕೆ ಸೇರ್ಸಿ ಜೋಡಿ ಮಾಡೋರು. ಸಂಜೆ ಒಂಟಿ ಉಳಿದ್ರೆ ಒಂದು ತಪ್ಪುಸ್ಕೊಂಡೈತೆ ಅಂತ. ಇಲ್ಲೂ ಒಂದುಗಳೆಲ್ಲ ಜೋಡಿ ಆಗ್ಬೇಕು. ಆ ಪ್ಯಾರಿಟಿ ಬಿಟ್ ಐತಲ್ಲ, ಅದೇ ಮೇಕೆ."

ಆಮೇಲೆ ದಿನಾ ನನ್ನ ಮೆಷಿನ್ ಹತ್ತಿರ ನಿಂತು, "ಒಂಟಿ ಉಳೀತಾ?" ಎಂದು ಕೇಳುತ್ತಿದ್ದರು.

ಒಂದು ದಿನ ಮೆಷಿನ್ ಯಾವ ತಪ್ಪನ್ನೂ ತೋರಿಸಲಿಲ್ಲ. ನಾನು ಮೊದಲ ಪೀಸನ್ನೂ ಅಳೆಯದೆ ಇಡೀ ಪಾಳಿ ಓಡಿಸಿಬಿಟ್ಟೆ. ತೂತುಗಳೆಲ್ಲ ತಪ್ಪು ಜಾಗದಲ್ಲಿ ಬಿದ್ದಿದ್ದವು. ತಂತಿಯಲ್ಲಿ ಎರಡು ಬಿಟ್ ಒಟ್ಟಿಗೆ ಕೆಟ್ಟು, ಜೋಡಿ ಲೆಕ್ಕ ಮಾತ್ರ ಸರಿಯಾಗಿಯೇ ಕಂಡಿತ್ತು. ಮ್ಯಾನೇಜರು ನಾಳೆಯಿಂದ ಬರಬೇಡ ಎಂದರು.

ಸೂಪರ್‌ವೈಸರ್ ನಡುವೆ ಬಂದು ನಿಂತರು. "ತಪ್ಪು ನಂದು ಸಾರ್. ಎರಡು ಕುರಿ ಒಟ್ಗೇ ಹೋದ್ರೆ ಜೋಡಿ ಲೆಕ್ಕಕ್ಕೆ ಗೊತ್ತಾಗಕಿಲ್ಲ. ಅದ್ನ ನಾನು ಈ ಹುಡುಗಿಗೆ ಹೇಳ್ಕೊಟ್ಟಿರ್ಲಿಲ್ಲ."

ಕೆಲಸ ಉಳಿಯಿತು.

ಹೇಳಿಕೊಟ್ಟಿದ್ದರು. ಮೊದಲ ವಾರವೇ ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದಿದ್ದೆ.